ಕರಿ ಹೊಲ ಬೇಕು, ಕರಿ ಹುಡುಗಿ ಬೇಡ: ಒಂದು ಬಣ್ಣದ ಪದದ ಕಥೆ

ಹೋದ ವರ್ಷ ನಮ್ಮ ಬಳಗದ ಗೆಳತಿಯೊಬ್ಬಳನ್ನು ನೋಡಲು ಗಂಡಿನ ಕಡೆಯವರು ಲಕಮನಹಳ್ಳಿಗೆ ಬಂದಿದ್ದರು. ಉಪ್ಪಿಟ್ಟು, ಶಿರಾ, ಚಹಾ ಎಲ್ಲಾ ಆಯಿತು. ಗಂಡಿನ ತಂದೆ ನವಲಗುಂದದ ಕಡೆಯವರು. ಹೊಲದ ಮಾತು ಬಂದಾಗ ಎದೆ ಉಬ್ಬಿಸಿ ಹೇಳಿದರು: "ನಮ್ಮದು ಎಂಟು ಎಕರೆ ರೀ. ಎಲ್ಲಾ ಕರಿ ಹೊಲ. ಒಂದ್ ಮಳಿ ಚಲೋ ಆತಂದ್ರ ಸಾಕು, ಬಿಳಿಜ್ವಾಳ ಬಂದ ಬಿಡತೈತಿ."

ಎರಡು ದಿನ ಬಿಟ್ಟು ನಡುವಿನವರಿಂದ ಮೊಬೈಲಿಗೆ ಸುದ್ದಿ ಬಂತು. "ಎಲ್ಲಾ ಸರಿ ಐತಿ. ಹುಡುಗಿ ಬಣ್ಣ ಸ್ವಲ್ಪ ಕಪ್ಪು ಆತು ಅಂತಾರ."

ಗೆಳತಿ ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಅವರ ಹೊಲ ಕರ್ರಗಿದ್ರ ಮರ್ಯಾದಿ, ನಾ ಕರ್ರಗಿದ್ರ ಕೊರತಿ. ಇದು ಯಾವ ಲೆಕ್ಕ?"

ಆವತ್ತು ನಮ್ಮ ಯಾರ ಬಳಿಯೂ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದಿದವರು ನಾವು, ದಿನಾ ಪದಗಳ ಜೊತೆಗೇ ಕೆಲಸ. ಆದರೂ 'ಕರಿ', 'ಕಪ್ಪು' ಎಂಬ ಪದಗಳು ಎಲ್ಲಿಂದ ಬಂದವು, ಒಂದು ಕಡೆ ಮರ್ಯಾದೆ ಇನ್ನೊಂದು ಕಡೆ ಕೊರತೆ ಹೇಗಾದವು ಎಂದು ಯೋಚಿಸಿರಲಿಲ್ಲ. ಹಾಗಾಗಿ ಹುಡುಕಲು ಕೂತೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಕರಿ ಮತ್ತು ಕಪ್ಪು ಅಕ್ಕತಂಗಿಯರು

ಮೊದಲು ಪದದ ಹುಟ್ಟು ನೋಡೋಣ. ಕರಿ, ಕಪ್ಪು ಎರಡೂ ಅಚ್ಚಗನ್ನಡದ ಪದಗಳು. ಸಂಸ್ಕೃತದಿಂದಾಗಲಿ ಪಾರ್ಸಿಯಿಂದಾಗಲಿ ಬಂದವಲ್ಲ. ಎರಡರ ಬೇರೂ ಒಂದೇ. ಹಳಗನ್ನಡದಲ್ಲಿ ಬಿಳಿಯ ಬಣ್ಣಕ್ಕೆ 'ಬೆಳ್ಪು' ಎನ್ನುತ್ತಿದ್ದರು, ಕರಿಯ ಬಣ್ಣಕ್ಕೆ 'ಕರ್ಪು'. ಕೆಂಪು ಎಂಬುದೂ ಇದೇ ಜಾತಿಯ ಪದ. ಕೊನೆಯ 'ಪು' ಮೂರರಲ್ಲೂ ಇದೆ ನೋಡಿ.

ಈ ಕರ್ಪು ಜನರ ಬಾಯಲ್ಲಿ ತಿರುಗಿ ತಿರುಗಿ ಕಪ್ಪು ಆಯಿತು. ಹೀಗೆ ಆಗಿದ್ದು ಇದೊಂದೇ ಪದಕ್ಕಲ್ಲ. ಹಳಗನ್ನಡದ 'ಇರ್ಪ' ಎಂಬುದು ಬಸವಣ್ಣನವರ ಕಾಲದ ಮಾತಿಗೆ ಬರುವಾಗ 'ಇಪ್ಪ' ಆಗಿತ್ತು, 'ಬರ್ಪ' ಎಂಬುದು 'ಬಪ್ಪ' ಆಗಿತ್ತು. ವಚನ ಓದಿದವರಿಗೆ ಈ ಪದಗಳು ಗುರುತು ಸಿಗುತ್ತವೆ. ಅದೇ ದಾರಿಯಲ್ಲಿ ಕರ್ಪು ಸವೆದು ಕಪ್ಪು ಆಯಿತು.

ಈ ಬೇರು ಕನ್ನಡದ್ದು ಮಾತ್ರವೂ ಅಲ್ಲ. ತಮಿಳಿನಲ್ಲಿ, ಮಲಯಾಳದಲ್ಲಿ 'ಕರುಪ್ಪು' ಎನ್ನುತ್ತಾರೆ. ತಮಿಳಿನಲ್ಲಿ ಇದ್ದಿಲಿಗೆ 'ಕರಿ' ಎಂದೇ ಹೆಸರು. ನಾವು ರೊಟ್ಟಿ ಹೊತ್ತಿಹೋದರೆ 'ಕರಕಲಾಯಿತು' ಎನ್ನುತ್ತೇವಲ್ಲ, ಅದೇ ನಂಟು. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ಪದಗಳ ಬೇರು ಹುಡುಕಿ ಒಂದು ದೊಡ್ಡ ನಿಘಂಟು ತಂದರು. ಈ ಪದಗಳೆಲ್ಲ ಒಂದೇ ಮನೆತನದವು ಎಂಬುದು ಅಂಥ ಕೆಲಸದಿಂದಲೇ ಸ್ಪಷ್ಟವಾದದ್ದು.

ಆದರೆ 'ಕರಿ' ಎಂದು ಕೇಳಿದ್ದೆಲ್ಲ ಕಪ್ಪಲ್ಲ. ಆನೆಗೂ 'ಕರಿ' ಎನ್ನುತ್ತಾರೆ. ಆನೆ ಕರ್ರಗಿದೆ, ಅದಕ್ಕೇ ಕರಿ ಎಂದು ಶಾಲೆಯಲ್ಲಿ ನಾವೂ ಅಂದುಕೊಂಡಿದ್ದೆವು. ಅದು ತಪ್ಪು. ಆ ಕರಿ ಸಂಸ್ಕೃತದ್ದು. 'ಕರ' ಅಂದರೆ ಕೈ. ಸೊಂಡಿಲು ಆನೆಯ ಕೈ, ಹಾಗಾಗಿ ಕೈಯುಳ್ಳದ್ದು ಕರಿ. ಧಾರವಾಡ ಸೀಮೆಯಲ್ಲೂ ಇದ್ದು ಕನ್ನಡ ಕಲಿತ ಜರ್ಮನಿಯ ಪಾದ್ರಿ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ನಿಘಂಟಿನಲ್ಲಿ 'ಕರಿ' ಒಂದೇ ಪದವಾಗಿ ಇಲ್ಲ. ಬೇರೆ ಬೇರೆ ಪದಗಳಾಗಿ ಬಿಡಿಸಿ ಕೊಟ್ಟಿದ್ದಾರೆ.

ಮುಂಗಾರಿನೊಳಗೆ ಇರುವ ಕಪ್ಪು

ನಮಗೆ ಹೆಚ್ಚು ಸಂತೋಷ ಕೊಟ್ಟಿದ್ದು ಇನ್ನೊಂದು ಸಂಗತಿ. ರೈತರು ದಿನಾ ಆಡುವ ಎರಡು ಪದಗಳಲ್ಲಿ ಈ ಕಪ್ಪು ಅಡಗಿ ಕೂತಿದೆ. ಮುಂಗಾರು, ಹಿಂಗಾರು.

ಹಳೆಯ ಮಾತಿನಲ್ಲಿ 'ಕಾರ್' ಅಂದರೆ ಕಪ್ಪು. ಮಳೆ ತರುವ ಮೋಡ ಕರ್ರಗಿರುತ್ತದೆ, ಹಾಗಾಗಿ 'ಕಾರ್' ಅಂದರೆ ಮಳೆಮೋಡ, ಮಳೆಗಾಲ ಎಂದೂ ಆಯಿತು. ಕಾರ್ಮೋಡ, ಕಾರ್ಮುಗಿಲು, ಕಾರ್ಗಾಲ ಎಲ್ಲ ಅಲ್ಲಿಂದಲೇ ಬಂದವು. ಮುಂದೆ ಬರುವ ಕಾರು ಮುಂಗಾರು. ಹಿಂದಿನಿಂದ ಬರುವ ಕಾರು ಹಿಂಗಾರು. ಅಂದರೆ ನಾವು "ಈ ಸಲ ಮುಂಗಾರಿ ಹೆಂಗೈತಿ?" ಎಂದು ಕೇಳಿದಾಗಲೆಲ್ಲ ಗೊತ್ತಿಲ್ಲದೆಯೇ ಕಪ್ಪನ್ನು ಕರೆಯುತ್ತಿದ್ದೇವೆ. ನೆರೆಯ ತೆಲುಗಿನಲ್ಲೂ ವರ್ಷದ ಮೊದಲ ಮಳೆಗೆ 'ತೊಲಕರಿ' ಎನ್ನುತ್ತಾರೆ.

ಕಾರಹುಣ್ಣಿಮೆಯ ಹೆಸರೂ ಇದೇ. ಜ್ಯೇಷ್ಠ ಮಾಸದ ಹುಣ್ಣಿಮೆ ಅದು. ಮುಂಗಾರು ಆಗತಾನೇ ಕಾಲಿಡುವ ಹೊತ್ತು. ಕೆಲವರು ಅದನ್ನು ಮೆಣಸಿನಕಾಯಿಯ 'ಖಾರ' ಎಂದು ಬರೆಯುತ್ತಾರೆ. ಆ ಖಾರ ಬೇರೆ, ಈ ಕಾರ ಬೇರೆ. ಇದು ಮಳೆಯ ಹುಣ್ಣಿಮೆ.

ಆವತ್ತು ನಮ್ಮ ಊರುಗಳಲ್ಲಿ ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಅಗಸಿಯ ಹತ್ತಿರ ಕರಿ ಹರಿಯುತ್ತಾರೆ. ಅಡ್ಡ ಕಟ್ಟಿದ ಬೇವಿನ ತೋರಣದ ಹಗ್ಗವನ್ನು ಓಡಿ ಬಂದ ಎತ್ತು ಹರಿಯಬೇಕು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಚಲೋ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಬೆಳೆ ಚಲೋ ಎಂದು ಹಿರಿಯರು ಹೇಳುತ್ತಾರೆ. ಬಣ್ಣ ನೋಡಿ ಬೆಳೆ ಹೇಳುವ ಆಟ ಇದು. ಅಲ್ಲಿ ಬಣ್ಣಗಳಿಗೆ ಮೇಲು ಕೀಳು ಇಲ್ಲ. ಬಿಳಿ ಗೆದ್ದರೂ ಒಂದು ಬೆಳೆ, ಕೆಂಪು ಗೆದ್ದರೂ ಒಂದು ಬೆಳೆ.

ಕರಿ ಹೊಲದ ಗುಟ್ಟು

ಇನ್ನು ಹೊಲದ ಮಾತು. ಧಾರವಾಡ ಒಂದು ಗಡಿಯ ಮೇಲೆ ಕೂತ ಊರು. ಪಡುವಣಕ್ಕೆ ಅಳ್ನಾವರ, ಕಲಘಟಗಿಯ ಕಡೆ ಹೋದರೆ ಕೆಂಪು ಮಣ್ಣು, ಭತ್ತ, ಕಾಡು. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಕರಿಮಣ್ಣು. ಎರೆ ಹೊಲ ಎಂದೂ ಕರೆಯುತ್ತಾರೆ. ಕೆಂಪನೆಯ ಹಗುರ ಮಣ್ಣಿಗೆ ಮಸಾರಿ ಎನ್ನುತ್ತಾರೆ. ಲಕಮನಹಳ್ಳಿ ಇವೆರಡರ ನಡುವೆ ಇದೆ.

ಎರೆ ಮಣ್ಣಿನ ವಿಶೇಷ ಅದರ ಜಿಗುಟಿನಲ್ಲಿದೆ. ಅದರೊಳಗಿನ ಜೇಡಿಯ ಕಣಗಳು ಬಹಳ ಸಣ್ಣವು. ನೀರು ಬಿದ್ದರೆ ಕುಡಿದು ಉಬ್ಬುತ್ತವೆ, ಬಿಸಿಲಿಗೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಅದಕ್ಕೇ. ಹೀಗೆ ಕುಡಿದ ನೀರನ್ನು ಈ ಮಣ್ಣು ತಿಂಗಳುಗಟ್ಟಲೆ ಬಿಟ್ಟುಕೊಡುವುದಿಲ್ಲ. ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬರೀ ಹಸಿ ಮತ್ತು ಇಬ್ಬನಿಯ ಮೇಲೆ ಬೆಳೆದು ನಿಲ್ಲುವುದು ಈ ಗುಣದಿಂದ.

ಮಣ್ಣು ಕರ್ರಗಿದೆ ಎಂದರೆ ಬಹಳ ಗೊಬ್ಬರ ಇದೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ನಮ್ಮ ಎರೆ ಹೊಲಗಳಲ್ಲಿ ಸಾವಯವ ಅಂಶ ಕಡಿಮೆಯೇ. ಇರುವಷ್ಟು ಅಂಶ ಈ ಜೇಡಿಯ ಕಣಗಳ ಜೊತೆ ಗಟ್ಟಿಯಾಗಿ ಬೆರೆತುಕೊಳ್ಳುತ್ತದೆ, ಅದರಿಂದ ಮಣ್ಣಿಗೆ ಆ ಬಣ್ಣ. ಹಾಗಾಗಿ ಎರೆ ಹೊಲಕ್ಕೂ ತಿಪ್ಪೆ ಗೊಬ್ಬರ ಬೇಕೇ ಬೇಕು.

ಈ ಕರಿಮಣ್ಣಿನಿಂದ ಬಂದದ್ದೆಲ್ಲ ಬಿಳಿ ಎಂಬುದು ನಮಗೆ ಆಮೇಲೆ ಹೊಳೆಯಿತು. ಬಿಳಿಜೋಳ, ಅರಳೆ. ಧಾರವಾಡ ಸೀಮೆಯ ಹತ್ತಿ ಹಿಂದೆ ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಆಗ ಅವರ ಕಣ್ಣು ಬಿದ್ದದ್ದು ಇಂಥ ಕರಿ ಹೊಲಗಳ ಮೇಲೆ. ಇಂಗ್ಲಿಷಿನಲ್ಲಿ ಈ ಮಣ್ಣಿಗೆ 'ಬ್ಲ್ಯಾಕ್ ಕಾಟನ್ ಸಾಯಿಲ್' ಎನ್ನುತ್ತಾರೆ, ಕರಿ ಹತ್ತಿಮಣ್ಣು. ಮುಂದೆ 1972ರಲ್ಲಿ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿಯನ್ನು ಕೊಟ್ಟದ್ದೂ ಧಾರವಾಡದ ವಿಜ್ಞಾನಿ ಕಾಟರ್ಕಿಯವರು.

ನಾಡಿನ ಹೆಸರಿನ ಮೇಲೂ ಈ ಮಣ್ಣಿನ ಬಣ್ಣ ಇದೆ ಎನ್ನುವವರಿದ್ದಾರೆ. ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಅವರು ಕರ್ನಾಟ ಅಂದರೆ 'ಕರ್ ನಾಡು', ಕರಿಮಣ್ಣಿನ ನಾಡು ಎಂದು ಬಿಡಿಸಿದರು. ಕಾಲ್ಡ್‌ವೆಲ್ ತಮ್ಮ ದ್ರಾವಿಡ ವ್ಯಾಕರಣದ ಪುಸ್ತಕದಲ್ಲಿ ಅದನ್ನು ಎತ್ತಿ ಹೇಳಿದರು. ಇನ್ನು ಕೆಲವರು 'ಕರು' ಅಂದರೆ ಎತ್ತರ, ಎತ್ತರದ ನಾಡು ಕರುನಾಡು ಎನ್ನುತ್ತಾರೆ. ಮೈಸೂರಿನ ಕಡೆ ಮಣ್ಣು ಹೆಚ್ಚಾಗಿ ಕೆಂಪು, ಹಾಗಾಗಿ ಎರಡನೆಯದೇ ಸರಿ ಎಂದು ಅವರ ವಾದ. ಈ ಜಗಳ ಇನ್ನೂ ಮುಗಿದಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಎರಡೂ ಅರ್ಥ ಅದರೊಳಗೆ ಬಂದು ಸೇರಿದವು. ನವಲಗುಂದದ ರೈತನಿಗೆ ಮೊದಲನೆಯದೇ ಇಷ್ಟವಾದರೆ ತಪ್ಪೇನಿಲ್ಲ.

ದೇವರು, ದೊರೆ, ಮದುವೆ

ಹೊಲ ಬಿಟ್ಟು ಮನೆಯೊಳಗೆ ಬನ್ನಿ. ಮದುವೆಯಾದ ಹೆಣ್ಣಿನ ಕೊರಳಲ್ಲಿ ಕರಿಮಣಿ. ಕೂಸಿನ ಗಲ್ಲಕ್ಕೆ ದೃಷ್ಟಿ ತಾಗದಿರಲಿ ಎಂದು ಕಪ್ಪು ಬೊಟ್ಟು. ಸಂಕ್ರಾಂತಿಗೆ ಉಡುವ ಚಂದ್ರಕಾಳಿ ಸೀರೆ. ಹಾಲುಮತದವರ ಪೂಜೆಗೆ ಹಾಸುವ ಕರಿ ಕಂಬಳಿ. ಅಡುಗೆ ಮನೆಯಲ್ಲಿ ಕರಿಬೇವು. ಅದು 'ಕರಿ' ಮತ್ತು 'ಬೇವು', ಎಲೆ ನೋಡಲು ಬೇವಿನ ಹಾಗೆ ಇದ್ದು ಬಣ್ಣ ದಟ್ಟ. ನಾವು ಅಕ್ಷರ ಕಲಿತದ್ದು ಕರಿಹಲಗೆಯ ಮೇಲೆ.

ಹೆಸರುಗಳಲ್ಲಿ ಕರಿಯಪ್ಪ, ಕರಿಯವ್ವ, ಕರಿಬಸಪ್ಪ. ಪ್ರತಿ ಹಳ್ಳಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ತಾಯಿ ತಂದೆ ಬೈಯಲು ಇಟ್ಟ ಹೆಸರುಗಳಲ್ಲ ಇವು, ದೇವರ ಹೆಸರುಗಳು.

ಸಂಸ್ಕೃತದ 'ಕೃಷ್ಣ' ಎಂಬ ಹೆಸರಿಗೂ ಕಪ್ಪು ಎಂದೇ ಅರ್ಥ. ಸಾವಿರ ವರ್ಷದ ಹಿಂದೆ ಈ ನಾಡನ್ನು ಆಳಿದ ರಾಷ್ಟ್ರಕೂಟರಲ್ಲಿ ಮೂವರು ದೊರೆಗಳ ಹೆಸರು ಕೃಷ್ಣ. ಎಲ್ಲೋರದ ಕೈಲಾಸ ಗುಡಿಯನ್ನು ಕಡೆಸಿದವನು ಮೊದಲನೆಯ ಕೃಷ್ಣ. 939ರಿಂದ 967ರವರೆಗೆ ಆಳಿದ ಮೂರನೆಯ ಕೃಷ್ಣನನ್ನು ನಮ್ಮ ಶಾಸನಗಳು 'ಕನ್ನರದೇವ' ಎನ್ನುತ್ತವೆ. ಕನ್ನರ ಅಂದರೆ ಕೃಷ್ಣ ಎಂಬುದರ ಆಡುಮಾತಿನ ರೂಪ. ಕಪ್ಪು ಎಂಬ ಅರ್ಥದ ಹೆಸರನ್ನು ದೊರೆಗಳು ಹೆಮ್ಮೆಯಿಂದ ಕಲ್ಲಿನ ಮೇಲೆ ಕೆತ್ತಿಸಿದ್ದರು.

ಈಗ ಹುಬ್ಬಳ್ಳಿ ಧಾರವಾಡದ ನಡುವೆ ಓಡಾಡುವ 'ಚಿಗರಿ' ಬಸ್ಸಿನ ಹೆಸರನ್ನೇ ನೋಡಿ. ಲಕಮನಹಳ್ಳಿಯಿಂದ ನಾವು ದಿನಾ ಹತ್ತುವ ಬಸ್ಸು ಅದು. ಚಿಗರಿ ಅಂದರೆ ನಮ್ಮ ಕಡೆಯ ಬಯಲಿನ ಜಿಂಕೆ, ಪುಸ್ತಕದ ಮಾತಿನಲ್ಲಿ ಕೃಷ್ಣಮೃಗ.

ಹಾಗಾದರೆ ಕೆಟ್ಟ ಅರ್ಥ ಎಲ್ಲಿಂದ?

ಹಿಂದಿನವರಿಗೆ ಕಪ್ಪು ಎಂದರೆ ಒಳ್ಳೆಯದೇ ಆಗಿತ್ತು ಎಂದು ನಾವು ಹೇಳುವುದಿಲ್ಲ. ಮುಖಕ್ಕೆ ಮಸಿ ಬಳಿಯುವುದು ಹಳೆಯ ಅವಮಾನವೇ. ಕತ್ತಲೆಯ ಭಯ, ಅಮಾವಾಸ್ಯೆಯ ಭಯ ಇದ್ದೇ ಇತ್ತು. ಆದರೆ ಇವತ್ತು ನಾವು ಪತ್ರಿಕೆಯಲ್ಲಿ, ಟಿವಿಯಲ್ಲಿ ಬಳಸುವ ಕೆಟ್ಟ 'ಕಪ್ಪು'ಗಳನ್ನು ಪಟ್ಟಿ ಮಾಡಿದಾಗ ಹೆಚ್ಚಿನವು ನಮ್ಮವಲ್ಲ ಎಂದು ಕಂಡಿತು.

ಕಪ್ಪುಹಣ, ಕಪ್ಪುಪಟ್ಟಿ, ಕಾಳಸಂತೆ. ಮೂರೂ ಇಂಗ್ಲಿಷಿನ ಬ್ಲ್ಯಾಕ್ ಮನಿ, ಬ್ಲ್ಯಾಕ್ ಲಿಸ್ಟ್, ಬ್ಲ್ಯಾಕ್ ಮಾರ್ಕೆಟ್‌ಗಳ ನೆರಳುಗಳು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಅಲ್ಲಿಂದೀಚೆಗೆ ಬೆಳೆದ ಕನ್ನಡ ಪತ್ರಿಕೆಗಳು ಹೊರಗಿನ ಸುದ್ದಿಯನ್ನು ಬಹಳಷ್ಟು ಇಂಗ್ಲಿಷಿನಿಂದಲೇ ಇಳಿಸಿಕೊಂಡವು. ಸುದ್ದಿಯ ಜೊತೆಗೆ ಆ ಭಾಷೆಯ ಬಣ್ಣದ ಲೆಕ್ಕವೂ ಇಳಿದು ಬಂತು. ಕದ್ದ ಹಣಕ್ಕೆ ಕಪ್ಪು ಎಂದು ಹೆಸರಿಟ್ಟದ್ದು ರೈತನಲ್ಲ.

'ಕರಾಳ' ಎಂಬ ಪದ ಇನ್ನೂ ಮೋಜಿನದು. ತುರ್ತು ಪರಿಸ್ಥಿತಿಯ ಕರಾಳ ದಿನಗಳು ಎಂದು ಬರೆಯುತ್ತೇವೆ. ಕೇಳಿದರೆ ಕರಿ ಎಂಬುದರ ನಂಟು ಅನಿಸುತ್ತದೆ. ಆದರೆ ಅದು ಸಂಸ್ಕೃತದ ಪದ, ಭಯಂಕರ ಎಂದು ಅರ್ಥ. ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. 'ಕ', 'ರ' ಕೇಳಿದ ಕೂಡಲೇ ನಮ್ಮ ಮನಸ್ಸು ಕಪ್ಪಿಗೆ ಕಟ್ಟಿಹಾಕಿತು. ಬರದ ಕರಿನೆರಳು, ಇತಿಹಾಸದ ಕಪ್ಪುಚುಕ್ಕೆ ಎಂದೆಲ್ಲ ತಲೆಬರಹ ಬರೆದದ್ದು ನಾವೇ. ಈ ತಪ್ಪಿನಲ್ಲಿ ನಮ್ಮ ಕಸುಬಿನ ಪಾಲು ದೊಡ್ಡದಿದೆ.

ಇನ್ನು ಮೈಬಣ್ಣ. ಹಿಂದಿನ ಕನ್ನಡದಲ್ಲಿ ಮೈಬಣ್ಣ ಹೇಳಲು ಎಷ್ಟೊಂದು ಪದಗಳಿದ್ದವು. ಎಣ್ಣೆಗಪ್ಪು, ಸಾದಗಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಪದಗಳು. ಈಗ ಉಳಿದದ್ದು ಎರಡೇ, 'ಬೆಳ್ಳಗ' ಮತ್ತು 'ಕರ್ರಗ'. ಒಂದು ಪಾಸ್, ಒಂದು ಫೇಲ್.

ಬಿಸಿಲಲ್ಲಿ ದುಡಿದವರ ಮೈ ಕಪ್ಪಾಗುತ್ತದೆ, ನೆರಳಲ್ಲಿ ಕೂತವರದ್ದು ಆಗುವುದಿಲ್ಲ. ಹಾಗಾಗಿ ಬಿಳಿ ಮೈ ಎಂದರೆ ಉಳ್ಳವರು, ಕರಿ ಮೈ ಎಂದರೆ ಕೂಲಿಯವರು ಎಂಬ ಲೆಕ್ಕ ಬಹಳ ಹಿಂದೆಯೇ ಬೇರೂರಿತ್ತು. ಜಾತಿಯ ಮೇಲು ಕೀಳೂ ಅದರೊಳಗೆ ಬೆರೆಯಿತು. ಅದನ್ನು ಪೊಟ್ಟಣದಲ್ಲಿ ಹಾಕಿ ಸಂತೆಗೆ ತಂದದ್ದು ಕ್ರೀಮಿನ ವ್ಯಾಪಾರ. 'ಫೇರ್ ಅಂಡ್ ಲವ್ಲಿ' 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಕಂಪನಿ ಅದರ ಹೆಸರಿನಿಂದ 'ಫೇರ್' ಎಂಬ ಪದ ತೆಗೆದು 'ಗ್ಲೋ ಅಂಡ್ ಲವ್ಲಿ' ಎಂದು ಮಾಡಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಎಂಬ ಮದುವೆ ತಾಣ ಮೈಬಣ್ಣದ ಮೇಲೆ ವಧೂವರರನ್ನು ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಹೆಸರು ಬದಲಾಯಿತು, ಗುಂಡಿ ಮಾಯವಾಯಿತು. ಚಹಾ ಕುಡಿಯುತ್ತಾ ಕೂತವರ ಕಣ್ಣು ಮಾತ್ರ ಬದಲಾಗಿಲ್ಲ.

ವಿಜ್ಞಾನ ಕೇಳಿದರೆ ಮೈಬಣ್ಣ ಅಂದರೆ ಚರ್ಮದೊಳಗಿನ ಮೆಲನಿನ್ ಎಂಬ ವಸ್ತು. ಸುಡು ಬಿಸಿಲಿನ ಕಿರಣಗಳಿಂದ ಮೈಯನ್ನು ಕಾಯುವುದು ಅದರ ಕೆಲಸ. ನಮ್ಮ ಕಡೆಯ ಬಿಸಿಲಿಗೆ ಅದು ಹೆಚ್ಚಿದ್ದರೆ ಲಾಭವೇ ಹೊರತು ಲುಕ್ಸಾನಲ್ಲ. ನಮ್ಮ ಹಿರಿಯರು ವಿಜ್ಞಾನ ಇಲ್ಲದೆಯೇ ಕೇಳಿದ್ದರು, "ಆಕಳು ಕಪ್ಪಾದರೆ ಹಾಲು ಕಪ್ಪೇ?"

ಮಣ್ಣು ಹೋದರೆ ಪದವೂ ಹೋಗುತ್ತದೆ

ಕೊನೆಗೆ ಲಕಮನಹಳ್ಳಿಗೆ ಮರಳಿ ಬರೋಣ. ಲಕಮನಹಳ್ಳಿ ಈಗ ಹಳ್ಳಿ ಎಂಬುದು ಹೆಸರಿಗಷ್ಟೇ. ಹುಬ್ಬಳ್ಳಿ ಧಾರವಾಡ ಮಹಾನಗರ ಪಾಲಿಕೆ 1962ರಲ್ಲಿ ಆಯಿತು, ಈಗ ಈ ಊರೂ ಅದರ ಒಳಗೇ ಇದೆ. ಕೈಗಾರಿಕಾ ಪ್ರದೇಶ ಬಂತು, ಅಗಲ ರಸ್ತೆ ಬಂತು, ಬಡಾವಣೆಗಳು ಬಂದವು. ಕೆಲಸ ಸಿಕ್ಕಿತು, ಬಸ್ಸು ಸಿಕ್ಕಿತು. ಅದನ್ನು ಬೇಡ ಎನ್ನಲು ನಾವು ಯಾರು?

ಆದರೆ ಮನೆ ಕಟ್ಟುವವರ ಬಾಯಲ್ಲಿ ಕರಿಮಣ್ಣಿನ ಮಾತು ಕೇಳಿ ನೋಡಿ. "ಕರಿಮಣ್ಣು ಐತ್ರಿ, ತ್ರಾಸಿನ ಜಾಗ" ಎನ್ನುತ್ತಾರೆ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮಣ್ಣಿನ ಮೇಲೆ ಗೋಡೆ ಬಿರುಕು ಬಿಡುತ್ತದೆ. ಹಾಗಾಗಿ ಅದನ್ನು ತೋಡಿ ಹೊರಗೆ ಹಾಕಿ ಗರಸು ತುಂಬುತ್ತಾರೆ. ಯಾವ ಗುಣಕ್ಕಾಗಿ ರೈತ ಆ ಮಣ್ಣಿಗೆ ಕೈ ಮುಗಿಯುತ್ತಿದ್ದನೋ, ಅದೇ ಗುಣ ಕಟ್ಟಡದವನಿಗೆ ತಲೆನೋವು. ಮಣ್ಣು ಬದಲಾಗಿಲ್ಲ. ನೋಡುವವನ ಕೆಲಸ ಬದಲಾಗಿದೆ.

ನಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನಿಸುತ್ತದೆ. ಕರಿ ಎಂಬ ಪದದೊಳಗೆ ಮರ್ಯಾದೆಯೂ ಇಲ್ಲ, ಕೊರತೆಯೂ ಇಲ್ಲ. ಉಳುವವನು ಹೇಳಿದಾಗ ಅದರಲ್ಲಿ ಬೆಳೆ ಇತ್ತು. ಮಳೆ ಕಾಯುವವನು ಹೇಳಿದಾಗ ಮೋಡ ಇತ್ತು. ಹೆಣ್ಣನ್ನು ಸಂತೆಯ ದನದ ಹಾಗೆ ತೂಗುವವನು ಹೇಳಿದಾಗ ಕೊರತೆ ಬಂತು.

ನಮ್ಮ ಭಯ ಇಷ್ಟೇ. ಒಂದೊಂದೇ ಹೊಲ ಪ್ಲಾಟು ಆಗುತ್ತಿದೆ. ಮುಂದಿನ ಮಕ್ಕಳು ಎರೆ ಹೊಲದ ಬಿರುಕಿನಲ್ಲಿ ಕೈ ಇಟ್ಟು ನೋಡಿರುವುದಿಲ್ಲ. ಕರಿ ಹರಿಯುವ ಅಗಸಿ ಇರುವುದಿಲ್ಲ. ಆಗ 'ಕರಿ' ಎಂಬ ಪದದಲ್ಲಿ ಮಣ್ಣು, ಮಳೆ, ಕಂಬಳಿ ಎಲ್ಲ ಬಿದ್ದುಹೋಗಿ, ತರಗತಿಯಲ್ಲಿ ಒಬ್ಬ ಹುಡುಗನನ್ನು ಹಂಗಿಸುವ "ಏ ಕರಿಯ" ಎಂಬುದೊಂದೇ ಉಳಿದುಬಿಟ್ಟರೆ?

ಹಾಗಾಗಿ ನಾವು ಬಳಗದಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಕೆಟ್ಟ ಸುದ್ದಿಗೆ ಕರಿನೆರಳು, ಕಪ್ಪುಚುಕ್ಕೆ ಎಂದು ತಲೆಬರಹ ಹಾಕುವುದಿಲ್ಲ. ಕಳ್ಳಹಣವನ್ನು ಕಳ್ಳಹಣ ಎಂದೇ ಬರೆಯುತ್ತೇವೆ, ಅದಕ್ಕೆ ಬಣ್ಣ ಬೇಕಾಗಿಲ್ಲ. ನೀವೂ ಒಂದು ಕೆಲಸ ಮಾಡಬಹುದು. ಮನೆಯ ಹಿರಿಯರ ಹತ್ತಿರ ಕೂತು ನಿಮ್ಮೂರಿನ ಮಣ್ಣಿನ ಹೆಸರುಗಳನ್ನು, ಎತ್ತಿನ ಬಣ್ಣಗಳ ಹೆಸರುಗಳನ್ನು ಕೇಳಿ ಮಕ್ಕಳ ಎದುರಿಗೇ ಬರೆದಿಡಿ.

ಗೆಳತಿಯ ಸುದ್ದಿ ಕೇಳುತ್ತೀರಿ ಅಲ್ಲವೇ? ಆ ಸಂಬಂಧ ಅಲ್ಲಿಗೇ ನಿಂತಿತು. ಗಂಡಿನ ಕಡೆಯವರು ಒಂದು ತಿಂಗಳ ಮೇಲೆ ಮತ್ತೆ ಹೇಳಿ ಕಳಿಸಿದರು, ಹುಡುಗನಿಗೆ ಮನಸ್ಸಿದೆ ಅಂತ. ಅವಳ ಅಜ್ಜಿಯೇ ಫೋನಿನಲ್ಲಿ ಉತ್ತರ ಕೊಟ್ಟರು. "ನಿಮ್ಮ ಹೊಲ ಚಲೋ ಐತ್ರಿ. ಆದ್ರ ಕರಿ ಅಂದ್ರ ಏನಂತ ತಿಳಿಯದವರ ಮನಿಗೆ ನಮ್ಮ ಹುಡುಗಿ ಕೊಡೂದಿಲ್ಲ."